ಕಳಿತ ಗೊಬ್ಬರ ಮತ್ತು ನಮ್ಮ ಆಲೂಗಡ್ಡೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ವೃತ್ತಿಯ ಅನುಭವಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಸೂಚಿಸಿದ್ದಾರೆ. ನನ್ನ ಸಹಪಾಠಿಗಳಲ್ಲಿ ಅಧ್ಯಾಪಕರಾದವರಿದ್ದಾರೆ, ಬ್ಯಾಂಕುಗಳಲ್ಲಿಯೂ ಸಾರಿಗೆ ಸಂಸ್ಥೆಗಳಲ್ಲಿಯೂ ದುಡಿದವರಿದ್ದಾರೆ. ನಾನು ಊರಿನಲ್ಲಿಯೇ ಉಳಿದು ಎರಡು ಎಕರೆ ಹೊಲವನ್ನು ನಂಬಿ ಬದುಕಿದವನು. ಆದುದರಿಂದ ನಾನು ಬಲ್ಲ ವಿಷಯವನ್ನೇ ಬರೆಯುತ್ತಿದ್ದೇನೆ. ಅದು ಆಲೂಗಡ್ಡೆಯ ಬೇಸಾಯ ಮತ್ತು ಅದಕ್ಕೆ ಬೇಕಾದ ಗೊಬ್ಬರ. ವಿಷಯ ಸಣ್ಣದೆಂದು ತೋರಬಹುದು. ಆದರೆ ನಮ್ಮ ಹೊಲ ನಮ್ಮ ಕೈಯಲ್ಲಿ ಉಳಿದದ್ದು ಈ ಸಣ್ಣ ವಿಷಯದಿಂದಲೇ.

ತಾಳವಾಡಿ ಸೀಮೆಯ ಪರಿಚಯವನ್ನು ಈ ಸಂಚಿಕೆಯ ಓದುಗರಿಗೆ ಮಾಡಿಕೊಡಬೇಕಾದ ಅಗತ್ಯವಿಲ್ಲ. ದಕ್ಷಿಣಕ್ಕೆ ದಿಂಬಂ ಘಟ್ಟ, ಉತ್ತರಕ್ಕೆ ಚಾಮರಾಜನಗರದ ಬಯಲು, ನಡುವೆ ನಮ್ಮ ಎತ್ತರದ ಭೂಮಿ. 1956ರಲ್ಲಿ ಭಾಷಾವಾರು ರಾಜ್ಯಗಳು ರಚನೆಯಾದಾಗ ನಾವು ಮದರಾಸು ರಾಜ್ಯದಲ್ಲಿಯೇ ಉಳಿದೆವು. ಅಂದು ಕೊಯಮತ್ತೂರು ಜಿಲ್ಲೆಯವರು, 1979ರಿಂದ ಪೆರಿಯಾರ್ ಜಿಲ್ಲೆಯವರು, ಇಂದು ಈರೋಡು ಜಿಲ್ಲೆಯವರು. ಜಿಲ್ಲೆಯ ಹೆಸರು ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಘಟ್ಟದ ಕೆಳಗಿನ ಸತ್ಯಮಂಗಲದ ಬಿಸಿಲು ನಮ್ಮಲ್ಲಿಲ್ಲ. ರಾತ್ರಿ ತಂಪಾಗಿರುತ್ತದೆ. ಆಲೂಗಡ್ಡೆಗೆ ಬೇಕಾದುದು ಈ ತಂಪು. ರಾತ್ರಿಯ ಉಷ್ಣತೆ 20 ಡಿಗ್ರಿಗಿಂತ ಕೆಳಗಿದ್ದರೆ ಗಡ್ಡೆ ಚೆನ್ನಾಗಿ ಕಟ್ಟುತ್ತದೆ; ನೆಲದ ಕಾವು 30 ಡಿಗ್ರಿಗೆ ಏರಿತೆಂದರೆ ಗಿಡವು ಸೊಂಪಾಗಿ ಬೆಳೆದರೂ ಬುಡದಲ್ಲಿ ಏನೂ ಇರುವುದಿಲ್ಲ.

ಈ ಗಡ್ಡೆ ನಮ್ಮ ದೇಶದ್ದಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಜನ ಸಾವಿರಾರು ವರ್ಷಗಳಿಂದ ಬೆಳೆಯುತ್ತಿದ್ದ ಇದನ್ನು ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಗೆ ತಂದರೆಂದು ಹೇಳುತ್ತಾರೆ. ಕರಾವಳಿಯವರು ಇಂದಿಗೂ ಇದನ್ನು ಬಟಾಟೆ ಎನ್ನುತ್ತಾರೆ. ನಮ್ಮ ನೆರೆಯ ನೀಲಗಿರಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಇದನ್ನು ಬೆಳೆಯಿಸಿದರು. ತಮಿಳಿನ ಉರುಳೈಕ್ಕಿಳಂಗು ನಮ್ಮ ಹಿರಿಯರ ಬಾಯಲ್ಲಿ ಉರುಳಗಡ್ಡೆಯಾಯಿತು. ಪುಸ್ತಕದಲ್ಲಿ ಓದಿದ ನಾವು ಆಲೂಗಡ್ಡೆ ಎಂದೆವು. ಗಡಿನಾಡಿನ ಮನೆಗಳಲ್ಲಿ ಒಂದು ತರಕಾರಿಗೆ ಎರಡು ಹೆಸರಿರುವುದು ಸೋಜಿಗವಲ್ಲ.

ನನ್ನ ಬಾಲ್ಯದಲ್ಲಿ ನಮ್ಮ ಹೊಲದ ಮುಖ್ಯ ಬೆಳೆ ರಾಗಿ. ಅದರೊಡನೆ ಅವರೆ, ಹುರುಳಿ. ಆಲೂಗಡ್ಡೆಯನ್ನು ತಂದೆಯವರು ಅರ್ಧ ಎಕರೆಯಲ್ಲಿ ಮಾತ್ರ ಇಡುತ್ತಿದ್ದರು. ಅದಕ್ಕೆ ಕಾರಣ ಗೊಬ್ಬರದ ಲೆಕ್ಕ. ಮನೆಯ ತಿಪ್ಪೆಯಲ್ಲಿ ಒಂದು ವರ್ಷಕ್ಕೆ ಎಷ್ಟು ಗೊಬ್ಬರ ಕಳಿಯುತ್ತದೆಯೋ ಅಷ್ಟು ನೆಲಕ್ಕೆ ಮಾತ್ರ ಗಡ್ಡೆ. ಕೊಟ್ಟಿಗೆಯಲ್ಲಿ ಎರಡು ಎತ್ತು, ಮೂರು ಹಸು, ಅವುಗಳ ಕರುಗಳು. ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ಒಲೆಯ ಕಸ, ಸೊಪ್ಪಿನ ಕಡ್ಡಿ ಎಲ್ಲವೂ ತಿಪ್ಪೆಗೆ ಬೀಳುತ್ತಿದ್ದವು. ಯುಗಾದಿ ಕಳೆದ ಮೇಲೆ ಗಾಡಿಯಲ್ಲಿ ಹೊಲಕ್ಕೆ ಹೊಡೆದು ಸಣ್ಣ ಗುಪ್ಪೆಗಳಾಗಿ ಇಳಿಸಿ, ಮಳೆ ಬಿದ್ದ ಮರುದಿನವೇ ಹರಡಿ ಉತ್ತುಬಿಡುತ್ತಿದ್ದರು. ಹರಡಿದ ಗೊಬ್ಬರವನ್ನು ಬಿಸಿಲಿಗೆ ಒಣಗಲು ಬಿಟ್ಟರೆ ಅದರ ಸತ್ವ ಗಾಳಿಗೆ ಹೋಗುತ್ತದೆಂಬುದನ್ನು ಅವರು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ.

ಬೇಸಗೆಯಲ್ಲಿ ಕುರಿ ಕಾಯುವವರು ಮಂದೆಯೊಡನೆ ಬರುತ್ತಿದ್ದರು. ಅವರಿಗೆ ರಾಗಿ ಅಳೆದು ಕೊಟ್ಟು ನಾಲ್ಕಾರು ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುವುದು ವಾಡಿಕೆ. ದಿನಕ್ಕೊಂದು ಕಡೆ ತಡಿಕೆ ಬದಲಾಯಿಸಿ ಇಡೀ ಹೊಲಕ್ಕೆ ಹಿಕ್ಕೆಯೂ ಗಂಜಲವೂ ಬೀಳುವಂತೆ ನೋಡಿಕೊಳ್ಳುತ್ತಿದ್ದರು. ನಮ್ಮ ಜಿಲ್ಲೆಯ ಇನ್ನೊಂದು ಅಂಚಿನಲ್ಲಿ, ಅಂತಿಯೂರಿನ ಮೇಲಿರುವ ಬರಗೂರು ಬೆಟ್ಟಗಳಲ್ಲಿ, ಕನ್ನಡ ಮಾತನಾಡುವ ಲಿಂಗಾಯತ ಕುಟುಂಬಗಳು ಸಾಕುವ ಬರಗೂರು ದನಗಳ ಹೆಸರನ್ನು ಎಲ್ಲರೂ ಕೇಳಿರಬಹುದು. ಕೆಂಪು ಮೈಯ ಮೇಲೆ ಬಿಳಿಯ ಮಚ್ಚೆಗಳಿರುವ ಆ ದನಗಳು ಹಾಲಿಗೆ ಹೆಸರಾದವಲ್ಲ. ಅವನ್ನು ಸಾಕುವುದು ಉಳುಮೆಗೆ ಮತ್ತು ಗೊಬ್ಬರಕ್ಕೆ. ಗೊಬ್ಬರಕ್ಕಾಗಿಯೇ ಹಸು ಸಾಕುವ ಕಾಲವೊಂದಿತ್ತು ಎಂದರೆ ಇಂದಿನ ಮಕ್ಕಳು ನಗಬಹುದು.

ನಾನು ಶಾಲೆ ಬಿಡುವ ಹೊತ್ತಿಗೆ ಅಂಗಡಿಯ ಗೊಬ್ಬರದ ಮೂಟೆಗಳು ಊರಿಗೆ ಬಂದಿದ್ದವು. ಅವುಗಳನ್ನು ದೂರುವುದು ಈಗಿನ ರೂಢಿ. ಆದರೆ ಸತ್ಯವನ್ನು ಹೇಳಬೇಕು. ನೂರು ಕಿಲೋ ಯೂರಿಯಾದಲ್ಲಿ 46 ಕಿಲೋ ಸಾರಜನಕವಿದೆ. ಅಷ್ಟೇ ಸಾರಜನಕ ಬೇಕೆಂದರೆ ಸುಮಾರು ಒಂಬತ್ತು ಟನ್ನು ಕೊಟ್ಟಿಗೆ ಗೊಬ್ಬರ ಹೊರಬೇಕು. ತಲೆಯ ಮೇಲೆ ಮಂಕರಿ ಹೊತ್ತ ಹೆಂಗಸರಿಗೆ ಈ ಲೆಕ್ಕ ಯಾರೂ ವಿವರಿಸಬೇಕಾಗಿರಲಿಲ್ಲ. ಬೆಳೆಯೂ ಹೆಚ್ಚಿತು. ಅರ್ಧ ಎಕರೆಯ ಗಡ್ಡೆ ಎರಡು ಎಕರೆಗೆ ಹರಡಿತು. ಅದರ ದುಡ್ಡಿನಲ್ಲಿಯೇ ನಮ್ಮ ಮನೆಗೆ ಹೆಂಚು ಬಂದಿತು, ತಂಗಿಯ ಮದುವೆಯಾಯಿತು. ತಂದೆಯವರು ಮಾಡಿದ್ದು ತಪ್ಪೆಂದು ನಾನು ಎಂದೂ ಹೇಳಲಾರೆ.

ನಷ್ಟ ನಿಧಾನವಾಗಿ ಕಾಣಿಸಿಕೊಂಡಿತು. ಬೆಳೆ ಹೆಚ್ಚಿದಂತೆ ತಿಪ್ಪೆ ಕರಗಿತು; ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳು ಹೋದವು, ಎತ್ತುಗಳ ಹಿಂದೆ ಹಸುಗಳೂ ಹೋದವು. ಮೂಟೆಯ ಗೊಬ್ಬರ ಗಿಡಕ್ಕೆ ಆಹಾರ ಕೊಡುತ್ತದೆ. ಮಣ್ಣಿಗೆ ಬೇಕಾದ ಕಸಕಡ್ಡಿ ಅದರಲ್ಲಿಲ್ಲ. ಕೆಲವು ವರ್ಷಗಳಲ್ಲಿ ನಮ್ಮ ಕೆಂಪು ಮಣ್ಣು ಮಳೆ ಬಿದ್ದರೆ ಮೇಲೆ ಹಪ್ಪಳಗಟ್ಟತೊಡಗಿತು. ಗುದ್ದಲಿ ಹಾಕಿದರೆ ಹೆಂಟೆ ಏಳುತ್ತಿತ್ತು. ಆಲೂಗಡ್ಡೆ ನೆಲದೊಳಗೆ ಉಬ್ಬಬೇಕಾದ ಬೆಳೆ. ಅದು ಬೇರಲ್ಲ, ನೆಲದೊಳಗಿನ ಕಾಂಡ. ಮಣ್ಣು ಬಿಗಿಯಾದರೆ ಗಡ್ಡೆ ಸೊಟ್ಟಗಾಗುತ್ತದೆ, ಸಣ್ಣದಾಗುತ್ತದೆ. ಅಂತಹ ಗಡ್ಡೆಗೆ ಮೇಟುಪಾಳ್ಯದ ಮಂಡಿಯಲ್ಲಿ ಮೂರನೆಯ ದರ. ಒಂದು ವರ್ಷ ಹೊರಗಿನ ವ್ಯಾಪಾರಿಯೊಬ್ಬರಿಂದ ಕೊಂಡ ಬಿತ್ತನೆಗಡ್ಡೆಯಲ್ಲಿ ಸೊರಗು ರೋಗ ಬಂದು ಹೊಲದ ಅರ್ಧ ಭಾಗ ನಿಂತಲ್ಲಿಯೇ ಬಾಡಿತು. ಎಕರೆಗೆ ಆರರಿಂದ ಎಂಟು ಕ್ವಿಂಟಾಲ್ ಬಿತ್ತನೆ ಬೇಕಾಗುವ ಬೆಳೆಯಿದು. ಬಿತ್ತನೆಯ ಸಾಲ, ಗೊಬ್ಬರದ ಸಾಲ ಎರಡೂ ಉಳಿದವು.

ಆಗಲೇ ತಿರುಪ್ಪೂರಿನಲ್ಲಿ ಕೆಲಸಕ್ಕಿದ್ದ ಮಗ ಹಬ್ಬಕ್ಕೆ ಬಂದಾಗ ಹೇಳಿದ, “ಅಪ್ಪಾ, ಎರಡು ಎಕರೆಗೆ ನೀನು ಯಾಕೆ ಇಷ್ಟು ಸಾಯಬೇಕು? ಕೋಸು ಬೆಳೆಯುವವರಿಗೆ ಗುತ್ತಿಗೆಗೆ ಕೊಟ್ಟುಬಿಡು. ವರ್ಷಕ್ಕಿಷ್ಟು ಅಂತ ಬರುತ್ತೆ.” ಅವನ ಮಾತಿನಲ್ಲಿ ಅಕ್ಕರೆಯಿತ್ತು. ಆದರೆ ಗುತ್ತಿಗೆ ಹಿಡಿದವರು ಮೂರು ವರ್ಷಗಳಲ್ಲಿ ನೆಲದಿಂದ ತೆಗೆಯಬಹುದಾದುದನ್ನೆಲ್ಲ ತೆಗೆಯುತ್ತಾರೆಂಬುದನ್ನು ನಾನು ಸುತ್ತಮುತ್ತ ಕಂಡಿದ್ದೆ. ಗುತ್ತಿಗೆಗೆ ಹೋದ ಹೊಲವು ಮಾಲೀಕನ ಕೈಗೆ ಮರಳಿದ್ದು ಅಪರೂಪ. “ಮೂರು ವರ್ಷ ಕೊಡು, ನೋಡೋಣ” ಎಂದೆ. ಆ ಮೂರು ವರ್ಷಕ್ಕೆ ನನ್ನ ಬಳಿ ಇದ್ದ ಬಂಡವಾಳ ಒಂದು ಹಸು, ಬದುವಿನ ಸೊಪ್ಪು ಮತ್ತು ಕನ್ನಡ ಓದಲು ಬರುತ್ತದೆಂಬ ಧೈರ್ಯ.

ಕಡೆಯದನ್ನು ಸ್ವಲ್ಪ ವಿವರಿಸಬೇಕು. ನಮಗೆ ಸಿಗುವ ಕರಪತ್ರಗಳೂ ತರಬೇತಿಗಳೂ ಸಹಜವಾಗಿಯೇ ತಮಿಳಿನಲ್ಲಿರುತ್ತವೆ. ಮಾತಾಡುವ ತಮಿಳು ನಮಗೆಲ್ಲರಿಗೂ ಬರುತ್ತದೆ. ರೋಗದ ಹೆಸರು, ಔಷಧದ ಪ್ರಮಾಣ ಬಂದಾಗ ನಮ್ಮ ವಯಸ್ಸಿನ ಅನೇಕರು ತಡವರಿಸುತ್ತಾರೆ. ನಮ್ಮ ಶಾಲೆಯಲ್ಲಿ ಕಲಿತ ಕನ್ನಡದಿಂದ ನನಗೆ ಕರ್ನಾಟಕದ ಕೃಷಿ ವಿಶ್ವವಿದ್ಯಾನಿಲಯಗಳ ಪುಸ್ತಿಕೆಗಳು ಸಿಕ್ಕವು. ಪುತ್ತೂರಿನಿಂದ 1988ರಲ್ಲಿ ಆರಂಭವಾದ, ಕೃಷಿಕರೇ ಬರೆಯುವ ‘ಅಡಿಕೆ ಪತ್ರಿಕೆ’ ಸಿಕ್ಕಿತು. ಅದನ್ನು ಕಟ್ಟಿ ಬೆಳೆಸಿದ ಶ್ರೀಪಡ್ರೆಯವರು ಕಾಸರಗೋಡಿನವರು, ನಮ್ಮಂತೆಯೇ ಗಡಿಯಾಚೆಯ ಕನ್ನಡಿಗರು, ಎಂಬುದು ನನಗೆ ಹೆಮ್ಮೆಯ ವಿಷಯ. ದೊಡ್ಡಬಳ್ಳಾಪುರದ ಬಳಿ ಸಾವಯವ ಕೃಷಿ ಮಾಡಿ ನೂರಾರು ರೈತರಿಗೆ ದಾರಿ ತೋರಿದ ಎಲ್. ನಾರಾಯಣರೆಡ್ಡಿಯವರು 2019ರಲ್ಲಿ ತೀರಿಕೊಂಡರು. ಅವರ ವಿಚಾರಗಳನ್ನೂ ನಾನು ಕನ್ನಡದಲ್ಲಿಯೇ ಓದಿದೆ.

ಕಾಂಪೋಸ್ಟ್ ಎಂಬುದು ಹೊರಗಿನಿಂದ ಬಂದ ವಿದ್ಯೆಯೆಂದು ತಿಳಿದವರಿಗೆ ಒಂದು ಸಂಗತಿ ತಿಳಿಸಬೇಕು. ಇಂದು ಜಗತ್ತಿನಾದ್ಯಂತ ಹೆಸರಾದ ಎರಡು ಕ್ರಮಗಳು ನಮ್ಮ ದೇಶದಲ್ಲಿಯೇ ರೂಪುಗೊಂಡವು. ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದಾಗ, ಯಶವಂತ ವಾಡ್ ಅವರೊಡನೆ ಸೇರಿ, ಕಸವನ್ನು ಪದರ ಪದರವಾಗಿ ಒಟ್ಟಿ ಆಗಾಗ ಮಗುಚುವ ಕ್ರಮವನ್ನು ರೂಪಿಸಿದರು. ಅದು ಇಂದೋರ್ ವಿಧಾನ. ನಮ್ಮ ರೈತರು ಹಿಂದಿನಿಂದ ಮಾಡುತ್ತಿದ್ದುದನ್ನು ಕಣ್ಣಿಟ್ಟು ನೋಡಿಯೇ ಅವರು ಬಹಳಷ್ಟನ್ನು ಕಲಿತರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1939ರಲ್ಲಿ ಗುಂಡಿಯಲ್ಲಿ ತುಂಬಿ ಮಣ್ಣಿನಿಂದ ಮುಚ್ಚಿಬಿಡುವ ಇನ್ನೊಂದು ಕ್ರಮವನ್ನು ಸಿದ್ಧಪಡಿಸಿದರು. ಅದು ಬೆಂಗಳೂರು ವಿಧಾನ. ಮೊದಲನೆಯದರಲ್ಲಿ ಶ್ರಮ ಹೆಚ್ಚು, ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ. ಎರಡನೆಯದರಲ್ಲಿ ಶ್ರಮವೂ ನೀರೂ ಕಡಿಮೆ, ಆರರಿಂದ ಎಂಟು ತಿಂಗಳು ಕಾಯಬೇಕು. ಆಳು ಸಿಗುವ ಕಾಲದಲ್ಲಿ ಮೊದಲನೆಯದನ್ನೂ, ನೀರಿಲ್ಲದ ಬೇಸಗೆಯಲ್ಲಿ ಎರಡನೆಯದನ್ನೂ ನಾನು ಅನುಸರಿಸುತ್ತೇನೆ.

ನಾನು ಮಾಡುವ ರೀತಿ ಹೀಗಿದೆ. ಹೊಂಗೆಮರದ ನೆರಳಿನಲ್ಲಿ, ನೀರು ನಿಲ್ಲದ ಕಡೆ, ಐದು ಅಡಿ ಅಗಲದ ಜಾಗ. ತಳದಲ್ಲಿ ಜೋಳದ ದಂಟು, ತೊಗರಿಕಡ್ಡಿ. ಗಾಳಿಯಾಡಲು ಇದು ಬೇಕು. ಅದರ ಮೇಲೆ ಅರ್ಧ ಅಡಿ ಒಣ ಕಸ: ದನ ತಿಂದುಳಿದ ರಾಗಿಹುಲ್ಲು, ಒಣಗಿದ ಎಲೆ. ಅದರ ಮೇಲೆ ಹಸಿ ಕಸ: ಗೊಬ್ಬರದ ಗಿಡದ ಸೊಪ್ಪು, ಅವರೆಯ ಬಳ್ಳಿ, ಬೀಜ ಕಟ್ಟುವ ಮೊದಲೇ ಕಡಿದ ಲಂಟಾನ ಮತ್ತು ಪಾರ್ಥೇನಿಯಂ. ಮೇಲೆ ಸಗಣಿ ಗಂಜಲಗಳ ಬಗ್ಗಡ, ಒಂದು ಹಿಡಿ ಹಳೆಯ ಗೊಬ್ಬರ. ಹೀಗೆ ನಾಲ್ಕು ಅಡಿ ಎತ್ತರದವರೆಗೆ. ಒಣ ಕಸದಲ್ಲಿ ಇಂಗಾಲ ಹೆಚ್ಚು, ಹಸಿ ಕಸದಲ್ಲಿಯೂ ಸಗಣಿಯಲ್ಲಿಯೂ ಸಾರಜನಕ ಹೆಚ್ಚು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲವಿದ್ದರೆ ಕೊಳೆಯುವ ಕೆಲಸ ಸರಾಗ. ಒಣಕಸ ಹೆಚ್ಚಾದರೆ ರಾಶಿ ವರ್ಷವಾದರೂ ಹಾಗೆಯೇ ಬಿದ್ದಿರುತ್ತದೆ. ಹಸಿಕಸ ಹೆಚ್ಚಾದರೆ ನಾರುತ್ತದೆ, ನಾತದ ಜೊತೆಗೆ ಸಾರಜನಕವೂ ಹೋಗುತ್ತದೆ.

ನಾಲ್ಕಾರು ದಿನಗಳಲ್ಲಿ ರಾಶಿ ಕಾವೇರುತ್ತದೆ. ನಡುವೆ ಚುಚ್ಚಿಟ್ಟ ಕಬ್ಬಿಣದ ಸರಳನ್ನು ಎಳೆದು ಮುಟ್ಟಿದರೆ ಕೈ ಹಿಡಿಯಲಾಗಬಾರದು. 55ರಿಂದ 65 ಡಿಗ್ರಿಯ ಈ ಕಾವಿನಲ್ಲಿಯೇ ಕಳೆಯ ಬೀಜಗಳೂ ಬಹುಪಾಲು ರೋಗಾಣುಗಳೂ ಸಾಯುತ್ತವೆ. ಹೊರಗಿನ ಕಸ ಒಳಕ್ಕೆ ಬರುವಂತೆ ಮೂರು ವಾರಕ್ಕೊಮ್ಮೆ ಮಗುಚಬೇಕು. ತೇವವನ್ನು ಪರೀಕ್ಷಿಸುವುದು ಸುಲಭ. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ನೀರು ಇಳಿಯಬಾರದು. ಕಳಿತಿದೆಯೆಂದು ತಿಳಿಯಲು ಮೂರು ಗುರುತುಗಳಿವೆ. ಕಾವು ಆರಿರಬೇಕು, ಹಾಕಿದ ವಸ್ತುವಿನ ಗುರುತು ಸಿಗಬಾರದು, ಮೊದಲ ಮಳೆ ಬಿದ್ದ ನೆಲದ ವಾಸನೆ ಬರಬೇಕು.

ಆಲೂಗಡ್ಡೆಯ ವಿಷಯದಲ್ಲಿ ಈ ‘ಕಳಿತ’ ಎಂಬ ಮಾತು ಬಹು ಮುಖ್ಯ. “ಹಸಿ ಗೊಬ್ಬರ ರಾಗಿ ಸೈಸುತ್ತೆ ಮಗಾ, ಗಡ್ಡೆ ಸೈಸಲ್ಲ” ಎಂದು ತಂದೆಯವರು ಹೇಳುತ್ತಿದ್ದರು. ಅರೆಕೊಳೆತ ಸಗಣಿಯಲ್ಲಿ ಗೊಣ್ಣೆಹುಳು ಬೆಳೆಯುತ್ತದೆ. ಅದು ಗಡ್ಡೆಯನ್ನು ಕೊರೆಯುತ್ತದೆ. ಗೊಣ್ಣೆಹುಳುವಿನ ಆಸೆಗೆ ಕಾಡುಹಂದಿ ಬಂದು ಸಾಲನ್ನೇ ಉತ್ತುಹಾಕುತ್ತದೆ. ಹಸಿ ಗೊಬ್ಬರದಿಂದ ಗಡ್ಡೆಯ ಸಿಪ್ಪೆಯ ಮೇಲೆ ಕಜ್ಜಿ ರೋಗವೂ ಹೆಚ್ಚುತ್ತದೆ. ಒಲೆಯ ಬೂದಿಯನ್ನು ಎಲ್ಲ ಬೆಳೆಗೂ ಒಳ್ಳೆಯದೆಂದು ಸುರಿಯುವ ವಾಡಿಕೆ ನಮ್ಮಲ್ಲಿದೆ. ಬೂದಿ ಮಣ್ಣಿನ ಹುಳಿಯನ್ನು ತಗ್ಗಿಸುತ್ತದೆ. ಆಲೂಗಡ್ಡೆಗೆ ತುಸು ಹುಳಿಯಿರುವ ಮಣ್ಣೇ ಹಿತ, ಹುಳಿ ತಗ್ಗಿದಲ್ಲಿ ಕಜ್ಜಿ ಹೆಚ್ಚು. ಆದುದರಿಂದ ನಮ್ಮ ಮನೆಯ ಬೂದಿ ಬಾಳೆಯ ಬುಡಕ್ಕೆ ಹೋಗುತ್ತದೆ.

ಎಕರೆಗೆ 10 ಟನ್ನು ಕಳಿತ ಗೊಬ್ಬರ ನನ್ನ ಲೆಕ್ಕ. ಬಿತ್ತನೆಗೆ ಎರಡು ವಾರ ಮೊದಲು ಮೂರರಲ್ಲಿ ಎರಡು ಪಾಲನ್ನು ಹರಡಿ ಉಳುತ್ತೇನೆ. ಉಳಿದದ್ದನ್ನು ಬೇವಿನ ಹಿಂಡಿಯೊಡನೆ ಬೆರೆಸಿ ಸಾಲಿಗೆ ಹಾಕಿ, ಮೇಲೆ ತೆಳುವಾಗಿ ಮಣ್ಣು ಎಳೆದು, ಎರಡು ಅಡಿ ಅಂತರದ ಸಾಲುಗಳಲ್ಲಿ ಗೇಣಿಗೊಂದರಂತೆ ಮೊಳಕೆಯೊಡೆದ ಗಡ್ಡೆಯನ್ನು ಕಣ್ಣು ಮೇಲಾಗಿ ಇಡುತ್ತೇವೆ. ತಿಂಗಳಾಗುವ ಹೊತ್ತಿಗೆ ಬುಡಕ್ಕೆ ಮಣ್ಣು ಏರಿಸಬೇಕು. ಹೊಸ ಗಡ್ಡೆಗಳು ಬಿತ್ತಿದ ಗಡ್ಡೆಯ ಮೇಲ್ಭಾಗದಲ್ಲಿ ಕಟ್ಟುವುದರಿಂದ ಮಣ್ಣು ಸಾಲದಿದ್ದರೆ ಬಿಸಿಲು ಬಿದ್ದು ಹಸುರಾಗುತ್ತವೆ. ಹಸುರಾದ ಗಡ್ಡೆಯಲ್ಲಿ ವಿಷಾಂಶವಿರುತ್ತದೆ. ತಿನ್ನಬಾರದು, ದನಕ್ಕೂ ಹಾಕಬಾರದು.

ಇಲ್ಲಿ ಒಂದು ಲೆಕ್ಕವನ್ನು ಓದುಗರ ಮುಂದಿಡುತ್ತೇನೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡಾ ಅರ್ಧದಷ್ಟು ಮಾತ್ರ. ಅಂದರೆ 10 ಟನ್ನಿನಲ್ಲಿ 50 ಕಿಲೋ. ಅದರಲ್ಲಿಯೂ ಮೊದಲ ವರ್ಷ ಗಿಡಕ್ಕೆ ಸಿಗುವುದು ಮೂರನೆಯ ಒಂದು ಪಾಲು. ಉಳಿದದ್ದು ಮಣ್ಣಿನಲ್ಲಿದ್ದು ಮುಂದಿನ ವರ್ಷಗಳಲ್ಲಿ ನಿಧಾನವಾಗಿ ಬಿಡುಗಡೆಯಾಗುತ್ತದೆ. ಆಲೂಗಡ್ಡೆಯಾದರೋ ಮೂರು ಮೂರೂವರೆ ತಿಂಗಳಲ್ಲಿ ಹೊಟ್ಟೆತುಂಬ ಉಣ್ಣುವ ಬೆಳೆ. ಸಾರಜನಕಕ್ಕಿಂತಲೂ ಹೆಚ್ಚಾಗಿ ಪೊಟ್ಯಾಷ್ ಬೇಡುತ್ತದೆ. ಹೀಗಿರುವಾಗ ಮೂಟೆಯ ಗೊಬ್ಬರ ನಿಲ್ಲಿಸಿ ತಿಪ್ಪೆಯದನ್ನು ಹಾಕಿದ ಮೊದಲ ವರ್ಷವೇ ಹಿಂದಿನ ಇಳುವರಿ ಬರಬೇಕೆಂದರೆ ಹೇಗೆ ಬಂದೀತು? ನನಗೂ ಬರಲಿಲ್ಲ. ಮೊದಲ ವರ್ಷ ಹತ್ತಿರ ಹತ್ತಿರ ಮೂರನೆಯ ಒಂದು ಪಾಲು ಕಡಿಮೆಯಾಯಿತು. ಹೀಗಾಗುವುದೆಂದು ಲೆಕ್ಕ ಹಾಕಿಯೇ ಒಂದು ಎಕರೆಯನ್ನು ಮಾತ್ರ ಸಂಪೂರ್ಣವಾಗಿ ಸಾವಯವಕ್ಕೆ ತಂದಿದ್ದೆ. ಇನ್ನೊಂದು ಎಕರೆಯಲ್ಲಿ ಕಳಿತ ಗೊಬ್ಬರದ ಜೊತೆಗೆ ಮೂಟೆಯ ಗೊಬ್ಬರವನ್ನು ವರ್ಷ ವರ್ಷಕ್ಕೂ ಇಳಿಸುತ್ತ ಬಂದೆ. ಒಂದೇ ಸಲಕ್ಕೆ ಎಲ್ಲವನ್ನೂ ಬಿಡಬೇಕೆಂದು ಭಾಷಣ ಮಾಡುವವರು ರೈತನ ಸಾಲದ ಪುಸ್ತಕವನ್ನು ನೋಡಿರುವುದಿಲ್ಲ.

ಎರಡನೆಯ ವರ್ಷ ಆಲೂಗಡ್ಡೆ ಹಾಕಲಿಲ್ಲ. ರಾಗಿಯನ್ನೂ ಅದರ ಹಿಂದೆ ಹುರುಳಿಯನ್ನೂ ಬೆಳೆದೆ. ಟೊಮೆಟೊ, ಬದನೆ, ಮೆಣಸಿನಕಾಯಿಗಳು ಆಲೂಗಡ್ಡೆಯ ಕುಲದವೇ ಆದುದರಿಂದ ಅವು ಸರದಿಯಲ್ಲಿ ಬರಬಾರದು. ಒಂದರ ರೋಗ ಇನ್ನೊಂದಕ್ಕೆ. ಮೂರನೆಯ ವರ್ಷ ಮತ್ತೆ ಗಡ್ಡೆಯಿಟ್ಟಾಗ ಮಣ್ಣು ಗುದ್ದಲಿಗೆ ಪುಡಿಯಾಗುತ್ತಿತ್ತು. ಆ ವರ್ಷ ಒಂದು ವಾರ ಬಿಡದೆ ಮಳೆ ಸುರಿಯಿತು. ಅಕ್ಕಪಕ್ಕದ ಹೊಲಗಳಲ್ಲಿ ಸಾಲಿನ ನೀರು ಮೂರು ದಿನ ನಿಂತಿತು. ನಮ್ಮಲ್ಲಿ ಸಂಜೆಯೊಳಗೆ ಇಂಗಿತು. ಕೀಳುವಾಗ ಗಡ್ಡೆಗಳು ತೀರ ದಪ್ಪವಾಗಿರಲಿಲ್ಲ, ಆದರೆ ಒಂದೇ ಸಮನಾಗಿದ್ದವು. ಮನೆಯಾಕೆ ಅಟ್ಟದ ಮೇಲೆ ಹರಡಿಟ್ಟ ಪಾಲು ಹೆಚ್ಚು ಕೊಳೆಯದೆ ಮೂರು ತಿಂಗಳು ಉಳಿಯಿತು. ಅದರಿಂದ ದರ ಏರುವವರೆಗೆ ಕಾಯಲು ಸಾಧ್ಯವಾಯಿತು. ಇಳುವರಿ ಇಂದಿಗೂ ಹಿಂದಿನ ಗರಿಷ್ಠಕ್ಕೆ ಮುಟ್ಟಿಲ್ಲ. ಖರ್ಚು ಇಳಿದಿರುವುದರಿಂದ ಕೈಯಲ್ಲಿ ಉಳಿಯುವುದು ಹಿಂದಿಗಿಂತ ಕಡಿಮೆಯಿಲ್ಲ. 2015ರಲ್ಲಿ ಮಣ್ಣು ಆರೋಗ್ಯ ಚೀಟಿಯ ಯೋಜನೆ ಬಂದ ಮೇಲೆ ಪರೀಕ್ಷೆ ಮಾಡಿಸಿದಾಗ ಸಾವಯವ ಇಂಗಾಲದ ಮುಂದೆ ‘ಕಡಿಮೆ’ ಎಂದಿತ್ತು. ಈಚಿನ ಚೀಟಿಯಲ್ಲಿ ‘ಮಧ್ಯಮ’ ಎಂದಿದೆ. ಆ ಒಂದು ಮೆಟ್ಟಿಲು ಹತ್ತಲು ಇಷ್ಟು ವರ್ಷ ಬೇಕಾಯಿತು.

ಕಳಿತ ಗೊಬ್ಬರ ಎಲ್ಲ ರೋಗಕ್ಕೂ ಮದ್ದೆಂದು ಯಾರೂ ತಿಳಿಯಬಾರದು. ಮೋಡ ಕವಿದು ಇಬ್ಬನಿ ಬಿದ್ದರೆ ಅಂಗಮಾರಿ ರೋಗ ಎಂತಹ ಮಣ್ಣಿನಲ್ಲಿರುವ ಗಿಡವನ್ನೂ ಬಿಡದು. 1845ರಿಂದ ಐರ್ಲೆಂಡಿನ ಬೆಳೆಯನ್ನು ಸುಟ್ಟು, ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಕ್ಷಾಮ ತಂದದ್ದು ಇದೇ ರೋಗ. 1968ರಲ್ಲಿ ಬಿಡುಗಡೆಯಾದಾಗ ಈ ರೋಗವನ್ನು ತಡೆಯುತ್ತಿದ್ದ ಕುಫ್ರಿ ಜ್ಯೋತಿ ತಳಿಯೂ ಕಾಲಕ್ರಮದಲ್ಲಿ ಆ ಶಕ್ತಿಯನ್ನು ಕಳೆದುಕೊಂಡಿತು. ನಾನು ಮೋಡದ ದಿನಗಳಿಗೆ ಮುಂಚೆಯೇ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯುತ್ತೇನೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ರೋಗ ತಗುಲಿದ ಗಿಡವನ್ನಾಗಲಿ ಗಡ್ಡೆಯನ್ನಾಗಲಿ ತಿಪ್ಪೆಗೆ ಹಾಕುವುದಿಲ್ಲ. ಇನ್ನೊಂದು ಎಚ್ಚರಿಕೆಯೂ ಉಂಟು. ಬೇರಿಗೆ ಹತ್ತುವ ಚಿನ್ನದ ಬಣ್ಣದ ಕೋಶದ ಜಂತುಹುಳು 1961ರಲ್ಲಿ ನೀಲಗಿರಿಯಲ್ಲಿ ಪತ್ತೆಯಾಯಿತು. ಅದರ ಮೊಟ್ಟೆಗಳು ಹಲವಾರು ವರ್ಷ ಮಣ್ಣಿನಲ್ಲಿ ಬದುಕಿರುತ್ತವೆ. ಅದನ್ನು ತಡೆಯುವ ಕುಫ್ರಿ ಸ್ವರ್ಣ ತಳಿ 1985ರಲ್ಲಿ ಬಂದಿತಾದರೂ, ಹುಳು ಬಾರದಂತೆ ನೋಡಿಕೊಳ್ಳುವುದೇ ಮೇಲು. ಬೆಟ್ಟದ ಗಡ್ಡೆಯನ್ನು ಊಟಕ್ಕೆ ತಂದರೆ ಅದರ ಮಣ್ಣನ್ನೂ ತೊಳೆದ ನೀರನ್ನೂ ತಿಪ್ಪೆಗೆ ಚೆಲ್ಲಬಾರದು.

ಮಗನಿಗೆ ಹೇಳಿದ ಮೂರು ವರ್ಷ ಕಳೆದು ಬಹಳ ಕಾಲವಾಯಿತು. ಹೊಲ ಗುತ್ತಿಗೆಗೆ ಹೋಗಲಿಲ್ಲ. ಅವನು ಊರಿಗೆ ಮರಳಿಯೂ ಇಲ್ಲ. ಮರಳುವನೆಂದು ಹೇಳಿ ಓದುಗರನ್ನು ಸಂತೋಷಪಡಿಸಲಾರೆ. ಮುಂಗಾರಿನ ಬಿತ್ತನೆಗೆ ರಜೆ ಹಾಕಿ ಬರುತ್ತಾನೆ. ಹೋದ ವರ್ಷ ರಾಶಿ ಮಗುಚುವಾಗ ಮೊಮ್ಮಗಳು ಒಂದು ಹಿಡಿ ಮೂಸಿ, “ತಾತಾ, ಇದು ನಾತ ಇಲ್ಲವಲ್ಲ!” ಎಂದಳು. ಅವಳು ಓದುವುದು ಇಂಗ್ಲಿಷ್ ಶಾಲೆಯಲ್ಲಿ. ಕಳಿತ ಎಂದರೇನು, ಹಸಿ ಎಂದರೇನು, ಹದ ಎಂದರೇನು ಎಂದು ಅವಳಿಗೆ ಕೈಯಲ್ಲಿ ಹಿಡಿಸಿ ಹೇಳಿಕೊಟ್ಟೆ. ಈ ಮಾತುಗಳು ನಿಘಂಟಿನಲ್ಲಿ ಉಳಿದಾವು. ಆದರೆ ಗೊಬ್ಬರ ಹಿಂಡಿ ನೋಡುವ ಕೈಯಿಲ್ಲದಿದ್ದರೆ ಅವುಗಳ ಅರ್ಥ ಉಳಿಯುವುದಿಲ್ಲ.

ನಮ್ಮ ಮುಂದಿರುವ ನಿಜವಾದ ಕಷ್ಟ ಗೊಬ್ಬರದ ಅಭಾವ. ನಮ್ಮನ್ನು ಸುತ್ತುವರಿದ ಸತ್ಯಮಂಗಲದ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ಅರಣ್ಯದಲ್ಲಿ ದನ ಮೇಯಿಸುವುದನ್ನು ಮದ್ರಾಸ್ ಉಚ್ಚ ನ್ಯಾಯಾಲಯವು 2022ರಲ್ಲಿ ನಿಷೇಧಿಸಿ, ಅನಂತರ ಆ ನಿಷೇಧವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಮತ್ತು ಹುಲಿ ಸಂರಕ್ಷಿತ ಪ್ರದೇಶಗಳಿಗೆ ಸೀಮಿತಗೊಳಿಸಿತು. ಕಾಡು ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮೇವಿಲ್ಲದೆ ದನ ಮಾರಿದವನ ಹೊಲಕ್ಕೆ ಗೊಬ್ಬರ ಎಲ್ಲಿಂದ ಬರಬೇಕು? ಇದ್ದಬದ್ದ ಸಗಣಿಯೂ ಲಾರಿ ಹತ್ತಿ ಕೇರಳದ ಶುಂಠಿ, ಕಾಫಿ ತೋಟಗಳಿಗೆ ಹೋಗುತ್ತಿದೆ. ಲಾರಿಯವರು ಕೊಡುವ ದುಡ್ಡು ಅಂದಿನ ಸಂತೆಗೆ ಆದೀತು. ಹೊಲಕ್ಕೆ ಆದ ನಷ್ಟ ಹತ್ತು ವರ್ಷ ಕಾಡುತ್ತದೆ. ಆದುದರಿಂದ ನನ್ನ ಜೊತೆ ಓದಿದ ರೈತಮಿತ್ರರಲ್ಲಿ ಒಂದು ಬಿನ್ನಹ. ಸಗಣಿಯನ್ನು ಮಾರಬೇಡಿ. ಒಂದೇ ಹಸುವಿದ್ದರೂ ಅದರ ಸಗಣಿಯನ್ನು ನೇರವಾಗಿ ಹೊಲಕ್ಕೆ ಹಾಕದೆ ಕಸ ಕೊಳೆಯಿಸುವ ಹೆಪ್ಪಿನಂತೆ ಬಳಸಿ. ಬದುವಿನ ಮೇಲೆ ಗೊಬ್ಬರದ ಗಿಡ ನೆಡಿ. ಕಸವನ್ನು ಸುಡಬೇಡಿ. ಕುರಿಮಂದೆ ಬಂದರೆ ಹಿಂದಿನವರಂತೆ ರಾಗಿ ಅಳೆದು ಕೊಟ್ಟು ಹೊಲದಲ್ಲಿ ನಿಲ್ಲಿಸಿಕೊಳ್ಳಿ.

ಶಾಲೆಯ ಆಡಳಿತ ಮಂಡಳಿಯವರಲ್ಲಿಯೂ ಒಂದು ಪ್ರಾರ್ಥನೆಯಿದೆ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಹಿಂದಿನ ಬಯಲಿನಲ್ಲಿ ಎರಡು ಗೊಬ್ಬರದ ಗುಂಡಿಗಳಾಗಲಿ. ಮಧ್ಯಾಹ್ನದ ಊಟದ ತರಕಾರಿ ಸಿಪ್ಪೆ, ಆವರಣದ ಎಲೆ ಅಲ್ಲಿಗೆ ಬೀಳಲಿ. ಪಕ್ಕದಲ್ಲಿ ನಾಲ್ಕು ಸಾಲು ಆಲೂಗಡ್ಡೆ ಇರಲಿ. ಅದಕ್ಕೆ ಬೇಕಾದ ಮೊದಲ ಗಾಡಿ ಕಳಿತ ಗೊಬ್ಬರವನ್ನೂ ಬಿತ್ತನೆಗಡ್ಡೆಯನ್ನೂ ನಾನೇ ತಂದು ಇಳಿಸುತ್ತೇನೆ. ಮಕ್ಕಳಿಗೆ ರಾಶಿ ಒಟ್ಟುವುದನ್ನು ತೋರಿಸಿಕೊಡಲು ತಿಂಗಳಿಗೊಂದು ಶನಿವಾರ ಬರುತ್ತೇನೆ.